ಇಡ್ಡಲಿಗೆಯ ಪೂರ್ವವೃತ್ತಾಂತ

ಕನ್ನಡ ನಾಡಿನಲ್ಲಿ ಮಕ್ಕಳಿಗೂ ವೃದ್ಧರಿಗೂ ಜ್ವರದಿಂದೆದ್ದವರಿಗೂ ಸಮಾನವಾಗಿ ಹಿತವೆನಿಸಿರುವ ಭಕ್ಷ್ಯವು ಇಡ್ಲಿ. ಅದರ ಹೆಸರು ಹಳಗನ್ನಡ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಎಂಬ ರೂಪದಲ್ಲಿ ದೊರೆಯುತ್ತದೆ. ಈ ಗ್ರಂಥವನ್ನು ಸಾಮಾನ್ಯವಾಗಿ ಕ್ರಿ. ಶ. 10ನೆಯ ಶತಮಾನಕ್ಕೆ ಸೇರಿಸುವರು. ಇಷ್ಟರಿಂದಲೇ ಈಗಿನ ಇಡ್ಲಿಯು ಸಾವಿರ ವರ್ಷಗಳಿಂದ ಹೀಗೆಯೇ ಇದ್ದಿತೆಂದು ಹೇಳುವವರುಂಟು. ಅದು ಆತುರದ ನಿರ್ಣಯ. ಹೆಸರು ನಿಂತಿದ್ದು ವಸ್ತುವು ಮಾರ್ಪಡುವುದು ಭಾಷೆಯಲ್ಲಿ ಅಪೂರ್ವವೇನಲ್ಲ.

ವಸ್ತುವಿನ ಲಕ್ಷಣವನ್ನು ತಿಳಿಯಲು ಪಾಕವಿಧಿಯುಳ್ಳ ಗ್ರಂಥಗಳನ್ನೇ ನೋಡಬೇಕು. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು (ಗೊಮ್ಮಟನನ್ನು ಮಾಡಿಸಿದವನು ಬೇರೆ) ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸುವ ಕ್ರಮವಿದೆ. ಒಂದು ಶತಮಾನದ ತರುವಾಯ, ಸುಮಾರು 1130ರಲ್ಲಿ, ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಇದೇ ಹೆಸರು 'ಇಡರಿಕಾ' ಎಂದಾಗಿದೆ. ಅಲ್ಲಿ ಹುಳಿಯೇರಿದ ಉದ್ದಿನ ಹಿಟ್ಟನ್ನು ಮುಚ್ಚಿ ಬೇಯಿಸಿ, ಮೆಣಸಿನ ಪುಡಿಯನ್ನುದುರಿಸಿ, ತುಪ್ಪ ಇಂಗು ಜೀರಿಗೆಗಳಿಂದ ಸಂಸ್ಕರಿಸಬೇಕೆಂದು ವಿಧಿಸಿದೆ. ದೋಸೆಯು ಆ ಗ್ರಂಥದಲ್ಲಿ 'ಧೋಸಕ'ವಾಗಿದೆ. ಇವು ಸಂಸ್ಕೃತದ ಉಡುಗೆಯನ್ನು ತೊಟ್ಟ ದೇಶ್ಯ ಶಬ್ದಗಳು. ಕಲ್ಯಾಣದ ಅರಮನೆಯ ಅಡಿಗೆಯವರ ಬಾಯಿಂದ ದೊರೆಯ ಶ್ಲೋಕಕ್ಕೆ ಏರಿದವೆಂಬುದರಲ್ಲಿ ಸಂದೇಹಕ್ಕೆ ಎಡೆ ಕಡಮೆ.

ಈ ವಿಧಿಗಳಲ್ಲಿ ಉದ್ದೇ ಪ್ರಧಾನ; ಅಕ್ಕಿಯ ಮಾತೇ ಇಲ್ಲ. ಇದನ್ನು ಗಮನಿಸಿದ ಆಹಾರಶಾಸ್ತ್ರಜ್ಞ ಕೆ. ಟಿ. ಅಚಯರು 1994ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅಕ್ಕಿತರಿ, ದೀರ್ಘಕಾಲ ಹುಳಿಯಿಡುವುದು, ಆವಿಯಲ್ಲಿ ಬೇಯಿಸುವುದು, ಈ ಮೂರೂ ತರುವಾಯ ಬಂದವೆಂದರು. ಈ ಕ್ರಮವು ಕ್ರಿ. ಶ. 800ರಿಂದ 1200ರೊಳಗೆ ಇಂಡೋನೇಷಿಯದಿಂದ ಅಲ್ಲಿನ ಹಿಂದೂ ಅರಸರ ಅಡಿಗೆಯವರ ಮೂಲಕ ಬಂದಿರಬಹುದೆಂದೂ ಊಹಿಸಿದರು. ಭಾರತದಲ್ಲಿ ಆವಿಯ ಪಾತ್ರೆಯಿರಲಿಲ್ಲವೆಂದು 7ನೆಯ ಶತಮಾನದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನ ಹೆಸರಿನಲ್ಲಿ ಹೇಳುವ ಮಾತು ಈ ಊಹೆಗೆ ಆಧಾರ.

ಅಕ್ಕಿಯ ವಿಷಯದಲ್ಲಿ ಅಚಯರ ಮಾತು ನಿಲ್ಲುತ್ತದೆ, ಉಳಿದೆರಡರಲ್ಲಿ ನಿಲ್ಲದು. ಹುಳಿಯೇರಿದ ಹಿಟ್ಟನ್ನು ಮಾನಸೋಲ್ಲಾಸವೇ ಹೇಳುತ್ತದೆ. ಹಿಟ್ಟು ಉಬ್ಬುವುದಕ್ಕೆ ಹೊರಗಿನ ಹುದುಗೂ ಬೇಡ. ಉದ್ದಿನೊಡನೆಯೇ ಬರುವ ಸೂಕ್ಷ್ಮಜೀವಿಗಳು ರಾತ್ರಿಯೊಳಗಾಗಿ ಆ ಕೆಲಸವನ್ನು ಮಾಡುತ್ತವೆ. ಇನ್ನು ಆವಿ: ಅದಕ್ಕೆಂದೇ ಮಾಡಿದ ಪಾತ್ರೆಯಿಲ್ಲದೆ ಹೋದರೆ ಆವಿಯ ಅಡಿಗೆಯೇ ಇಲ್ಲವೆನ್ನಲಾಗದು. ಹಂಡೆಯ ತಳದಲ್ಲಿ ನೀರು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಎಲೆಯ ಕೊಟ್ಟೆ, ಇಷ್ಟಾದರೆ ಕಡುಬು ಬೇಯುವುದು. ಯಾತ್ರಿಕನ ಕಣ್ಣಿಗೆ ಬೀಳುವುದು ಬರಿಯ ಹಂಡೆ.

ಕರಾವಳಿಯಲ್ಲಿ ಹಲಸಿನೆಲೆಯ ಕೊಟ್ಟೆಕಡುಬೂ ಕೇದಗೆಯೋಲೆಯ ಮೂಡೆಯೂ ಇಂದಿಗೂ ಈ ಜಾತಿಯವೇ. ಅಚ್ಚಿನ ತಟ್ಟೆ ಅವಕ್ಕೆ ಬೇಕಿಲ್ಲ. ಕಾಂಚಿಯ ವರದರಾಜಸ್ವಾಮಿಯ ನೈವೇದ್ಯದ ಇಡ್ಲಿಯಾದರೋ ಬಿದಿರ ಬುಟ್ಟಿಯಲ್ಲಿ ಬೇಯುತ್ತದೆ. ಅದಕ್ಕೆ ಅಕ್ಕಿ ಸೇರಿದೆ. ಆದರೆ ಸೋಮೇಶ್ವರನು ಹೇಳಿದ ಮೆಣಸೂ ಜೀರಿಗೆಯೂ ತುಪ್ಪವೂ ಅದನ್ನು ಬಿಟ್ಟಿಲ್ಲ.