ಕಡಲ ಸ್ಪಂಜಿನಿಂದ ಕ್ಯಾನ್ಸರ್ ಔಷಧಿ: 600 ಕಿಲೋ ಜೀವಿಯಲ್ಲಿ 12.5 ಮಿಲಿಗ್ರಾಂ ಮದ್ದು

ಮನೆಯಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡ ಎಲ್ಲರಿಗೂ ಗೊತ್ತು. ಕೆಲವು ಕಡೆ ಇದಕ್ಕೆ ಕಾಶಿ ಕಣಗಿಲೆ ಎಂಬ ಹೆಸರೂ ಇದೆ. ಈ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡಲಾಗುತ್ತಿದೆ. ಗಿಡದಲ್ಲಿ ಮದ್ದು ಇರುವುದು ಹಳ್ಳಿಯ ಜನರಿಗೆ ಹೊಸ ವಿಷಯವಲ್ಲ. ಆದರೆ ಕಡಲ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಪ್ರಾಣಿಗಳಿಂದಲೂ ಕ್ಯಾನ್ಸರ್ ಔಷಧಿಗಳು ಬಂದಿವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಓಡಲಾಗದ ಪ್ರಾಣಿಯ ಆಯುಧ

ಸ್ಪಂಜು ನೋಡಲು ಗಿಡದಂತೆ ಕಂಡರೂ ಅದು ಪ್ರಾಣಿ. ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ, ಓಡಿ ತಪ್ಪಿಸಿಕೊಳ್ಳಲು ಕಾಲೂ ಇಲ್ಲ. ತಿನ್ನಲು ಬರುವ ಮೀನುಗಳಿಂದ, ಮೈಮೇಲೆ ಬೆಳೆಯಲು ಹವಣಿಸುವ ಇತರ ಜೀವಿಗಳಿಂದ ಅದನ್ನು ಕಾಪಾಡುವುದು ಅದರ ಮೈಯಲ್ಲಿರುವ ವಿಷವಸ್ತುಗಳು. ಕಡಲ ನೀರಿನಲ್ಲಿ ಯಾವುದೇ ವಸ್ತು ಬೇಗನೆ ತೆಳುವಾಗಿ ಹೋಗುವುದರಿಂದ ಈ ವಿಷ ಅತಿ ಸ್ವಲ್ಪ ಪ್ರಮಾಣದಲ್ಲೂ ಕೆಲಸ ಮಾಡುವಷ್ಟು ತೀಕ್ಷ್ಣವಾಗಿರಬೇಕು. ಇಂಥ ಕೆಲವು ವಿಷಗಳು ಜೀವಕೋಶ ಒಡೆದು ಎರಡಾಗುವುದನ್ನು ತಡೆಯುತ್ತವೆ. ಕ್ಯಾನ್ಸರ್ ಎಂದರೆ ಜೀವಕೋಶಗಳು ಹಿಡಿತವಿಲ್ಲದೆ ಹೆಚ್ಚುವ ರೋಗ. ಆದ್ದರಿಂದ ವಿಜ್ಞಾನಿಗಳ ಕಣ್ಣು ಕಡಲಿನತ್ತ ಹೊರಳಿತು.

ಮೊದಲ ಔಷಧಿ

ಅಮೆರಿಕದ ರಸಾಯನ ವಿಜ್ಞಾನಿ ವರ್ನರ್ ಬರ್ಗ್‌ಮನ್ 1945ರಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಒಂದು ಸ್ಪಂಜನ್ನು ಸಂಗ್ರಹಿಸಿದರು. ವಂಶವಾಹಿ ಡಿಎನ್‌ಎ ಕಟ್ಟುವ ಇಟ್ಟಿಗೆಗಳನ್ನು ಹೋಲುವ, ಆದರೆ ಸಕ್ಕರೆಯ ಭಾಗ ಮಾತ್ರ ಬೇರೆಯಾಗಿರುವ ವಸ್ತುಗಳು ಅದರಲ್ಲಿ ಸಿಕ್ಕವು. ಇದೇ ಮಾದರಿಯನ್ನು ಹಿಡಿದು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಸೈಟರಾಬಿನ್. ಕ್ಯಾನ್ಸರ್ ಕೋಶ ಇದನ್ನು ನಿಜವಾದ ಇಟ್ಟಿಗೆ ಎಂದೇ ಬಳಸಿಕೊಳ್ಳುತ್ತದೆ, ಅಲ್ಲಿಗೆ ಡಿಎನ್‌ಎ ಕಟ್ಟುವ ಕೆಲಸ ನಿಂತುಹೋಗುತ್ತದೆ. ಅಮೆರಿಕದಲ್ಲಿ 1969ರಲ್ಲಿ ಒಪ್ಪಿಗೆ ಪಡೆದ ಈ ಔಷಧಿ ಇಂದಿಗೂ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮುಖ್ಯವಾಗಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಸಿಕ್ಕಿದರೂ ಸಾಲದು

ಔಷಧಿ ಗುಣವಿರುವ ವಸ್ತುವನ್ನು ಕಂಡುಹಿಡಿಯುವುದು ಒಂದು ಕಷ್ಟವಾದರೆ, ಸಾಕಷ್ಟು ಪ್ರಮಾಣದಲ್ಲಿ ಪಡೆಯುವುದು ಅದಕ್ಕಿಂತ ದೊಡ್ಡ ಕಷ್ಟ. ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ಹ್ಯಾಲಿಕಾಂಡ್ರಿಯಾ ಎಂಬ ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತುವನ್ನು ಬೇರ್ಪಡಿಸಿದರು. 600 ಕಿಲೋ ಸ್ಪಂಜನ್ನು ಅರೆದು ಸೋಸಿದಾಗ ದೊರೆತದ್ದು ಕೇವಲ 12.5 ಮಿಲಿಗ್ರಾಂ. ಎಂದರೆ ಒಂದೆರಡು ಅಕ್ಕಿ ಕಾಳಿನಷ್ಟೂ ಇಲ್ಲ. ರೋಗಿಗಳಿಗೆಲ್ಲ ಹೀಗೆಯೇ ಔಷಧಿ ಒದಗಿಸಲು ಹೊರಟಿದ್ದರೆ ಕಡಲಿನಲ್ಲಿ ಆ ಸ್ಪಂಜೇ ಉಳಿಯುತ್ತಿರಲಿಲ್ಲ.

1992ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಯೋಶಿಟೊ ಕಿಶಿ ಮತ್ತು ಅವರ ತಂಡ ಇದೇ ವಸ್ತುವನ್ನು ಸ್ಪಂಜಿನ ನೆರವಿಲ್ಲದೆ ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿತು. ಆ ದೊಡ್ಡ ಅಣುವಿನ ಸುಮಾರು ಅರ್ಧ ಭಾಗವೇ ಕೆಲಸಕ್ಕೆ ಸಾಕು ಎಂಬುದು ಮುಂದೆ ತಿಳಿಯಿತು. ಹಾಗೆ ಹುಟ್ಟಿದ್ದು ಎರಿಬುಲಿನ್. ಇದನ್ನು ತಯಾರಿಸಲು 60ಕ್ಕೂ ಹೆಚ್ಚು ಹಂತಗಳು ಬೇಕು. 2010ರಲ್ಲಿ ಅಮೆರಿಕದಲ್ಲಿ, ದೇಹದ ಬೇರೆ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರ್‌ಗೆ ಇದನ್ನು ಕೊಡಲು ಒಪ್ಪಿಗೆ ದೊರೆಯಿತು.

ಇದರಿಂದ ಆದ ಪ್ರಯೋಜನವೆಷ್ಟು? ಹಲವು ಚಿಕಿತ್ಸೆಗಳು ಮುಗಿದಿದ್ದ 762 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಬೇರೆ ಔಷಧಿ ಪಡೆದವರ ಆಯುಷ್ಯದ ಮಧ್ಯಮ ಪ್ರಮಾಣ 10.6 ತಿಂಗಳಾದರೆ, ಎರಿಬುಲಿನ್ ಪಡೆದವರದು 13.1 ತಿಂಗಳು. ರೋಗ ಪೂರ್ತಿ ವಾಸಿಯಾಗಲಿಲ್ಲ. ಆದರೆ ಬೇರೆ ದಾರಿ ಕಡಿಮೆಯಿದ್ದವರಿಗೆ ಎರಡೂವರೆ ತಿಂಗಳು ಹೆಚ್ಚು ಸಿಕ್ಕಿತು.

ಮದ್ದು ತಯಾರಿಸುವವರು ಬೇರೆ

ಕೆರಿಬಿಯನ್ ಕಡಲಿನಲ್ಲಿ ಮರದ ಬೇರು, ಬಂಡೆಗಳಿಗೆ ಅಂಟಿಕೊಂಡಿರುವ ಸೀ ಸ್ಕ್ವರ್ಟ್ ಎಂಬ ಪುಟ್ಟ ಪ್ರಾಣಿಯಿಂದ ಟ್ರಾಬೆಕ್ಟೆಡಿನ್ ಎಂಬ ಔಷಧಿ ಬಂತು. ಒಂದು ಟನ್ ಪ್ರಾಣಿಗಳಿಂದ ಸಿಗುವುದು ಸುಮಾರು ಒಂದು ಗ್ರಾಂ. ಕೊನೆಗೆ ಸ್ಪೇನ್‌ನ ಫಾರ್ಮಾಮಾರ್ ಕಂಪೆನಿಯ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾವನ್ನು ತೊಟ್ಟಿಗಳಲ್ಲಿ ಬೆಳೆಸಿ, ಅದು ಕೊಡುವ ವಸ್ತುವನ್ನು ಮಾರ್ಪಡಿಸಿ ಔಷಧಿ ಮಾಡುವ ದಾರಿ ಕಂಡುಕೊಂಡರು. 2007ರಲ್ಲಿ ಯುರೋಪಿನಲ್ಲಿ, 2015ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಇದನ್ನು ಸ್ನಾಯು, ಕೊಬ್ಬು ಮುಂತಾದ ಮೆದು ಭಾಗಗಳ ಕ್ಯಾನ್ಸರ್‌ಗೆ ಬಳಸುತ್ತಾರೆ. ಕುತೂಹಲದ ಸಂಗತಿಯೆಂದರೆ, ಕಡಲ ಪ್ರಾಣಿಯಲ್ಲೂ ಈ ವಸ್ತುವನ್ನು ತಯಾರಿಸುವುದು ಅದರ ಮೈಯೊಳಗೆ ವಾಸಿಸುವ ಬ್ಯಾಕ್ಟೀರಿಯಾ ಎಂದು ನಂತರ ಗೊತ್ತಾಯಿತು.

ಹಿಂದೂ ಮಹಾಸಾಗರದ ಕಡಲ ಮೊಲದ ಕತೆಯೂ ಇಂಥದೇ. ಚಿಪ್ಪು ಹೊರಗೆ ಕಾಣದ ಈ ಬಸವನಹುಳುವಿನ ಜಾತಿಯ ಪ್ರಾಣಿಯಲ್ಲಿ ಸಿಕ್ಕ ಡೋಲಾಸ್ಟಾಟಿನ್ ಎಂಬ ವಿಷ, ಅದು ತಿನ್ನುವ ನೀಲಿಹಸಿರು ಪಾಚಿಯಿಂದ ಬಂದದ್ದು. ಆ ವಿಷವನ್ನು ಹೋಲುವ ವಸ್ತುವನ್ನು ಕ್ಯಾನ್ಸರ್ ಕೋಶವನ್ನೇ ಹುಡುಕಿ ಹೋಗುವ ಪ್ರೋಟೀನಿಗೆ ಜೋಡಿಸಿದ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಇದನ್ನು ಕೊಡುತ್ತಾರೆ.

ಕರಾವಳಿಯ ಹಕ್ಕು

ಭಾರತದಲ್ಲಿ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಜೀವಿಗಳ ಔಷಧಿ ಗುಣದ ಬಗ್ಗೆ ಸಂಶೋಧನೆ ನಡೆದಿದೆ. ಇಲ್ಲಿನ ಜೀವಿಗಳನ್ನು ವಿದೇಶಿ ಕಂಪೆನಿಗಳು ತಮಗೆ ಬೇಕಾದಂತೆ ಒಯ್ಯುವಂತಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಅವು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಲಾಭದಲ್ಲಿ ಸ್ಥಳೀಯರಿಗೂ ಪಾಲು ಸಿಗಬೇಕೆಂಬುದು ಕಾಯಿದೆಯ ಆಶಯ. ಊರಿನ ಜೀವಿಗಳು ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ದಾಖಲಿಸುವ ಜೀವವೈವಿಧ್ಯ ದಾಖಲೆ ಪುಸ್ತಕವನ್ನು ಪಂಚಾಯತ್ ಮಟ್ಟದ ಸಮಿತಿಗಳೇ ಸಿದ್ಧಪಡಿಸಬೇಕು. ಕಾಸರಗೋಡಿನಿಂದ ಗೋವಾದವರೆಗಿನ ಮೀನುಗಾರರ ಅನುಭವ ಇದರಲ್ಲಿ ಸೇರಿದರೆ ಅದು ಊರಿನ ಆಸ್ತಿ.

ಮೋಸ ಹೋಗಬೇಡಿ

ಇಷ್ಟೆಲ್ಲ ಓದಿದ ಮೇಲೆ ಕಡಲ ಪ್ರಾಣಿಯನ್ನು ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಶಾರ್ಕ್ ಮೀನಿಗೆ ಕ್ಯಾನ್ಸರ್ ಬರುವುದಿಲ್ಲ ಎಂದು ಸಾರುವ ಪುಸ್ತಕವೊಂದು 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಶಾರ್ಕಿನ ಮೆದು ಎಲುಬಿನ ಪುಡಿ ಅಲ್ಲಿ ಜೋರಾಗಿ ಮಾರಾಟವಾಯಿತು. ವಾಸ್ತವವಾಗಿ ಶಾರ್ಕ್‌ಗಳಿಗೂ ಕ್ಯಾನ್ಸರ್ ಬರುತ್ತದೆ. ಆ ಎಲುಬಿನಿಂದ ತೆಗೆದ ಸಾರವನ್ನು 379 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಪರೀಕ್ಷೆಯಲ್ಲಿ ಬಳಸಿ ನೋಡಲಾಯಿತು. ಅದರಿಂದ ಆಯುಷ್ಯ ಹೆಚ್ಚಲಿಲ್ಲ ಎಂದು 2010ರಲ್ಲಿ ಪ್ರಕಟವಾದ ವರದಿ ತಿಳಿಸಿತು.

ಸ್ಪಂಜಿನ ವಿಷ ಔಷಧಿಯಾಗಿ ರೋಗಿಯ ಬಳಿ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿದಿದೆ. ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಅಪಾಯವಿರುವ ಈ ಔಷಧಿಗಳನ್ನು ಆಸ್ಪತ್ರೆಯಲ್ಲಿ ತಜ್ಞರ ನಿಗಾದಲ್ಲೇ ಕೊಡಬೇಕು. ಆದ್ದರಿಂದ ಕಡಲ ಮದ್ದು ಎಂದು ಹೇಳಿ ಯಾರಾದರೂ ಪುಡಿ, ಎಣ್ಣೆ ಅಥವಾ ಮಾತ್ರೆ ಮಾರಲು ಬಂದರೆ, ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿ.