ನಮ್ಮ ಅಡಗಿ ಮನ್ಯಾಗಿನ ಅಮೆರಿಕಾದ ಹಳೇ ಮಂದಿ

ನಮ್ಮ ಕಡೆ ಊಟಾ ಅಂದ್ರ ಜ್ವಾಳದ ರೊಟ್ಟಿ, ಒಂದು ಪಲ್ಯಾ, ಶೇಂಗಾ ಹಿಂಡಿ, ಕೆಂಪು ಖಾರ. ಸಂಕೇಶ್ವರಿ ಮೆಣಸಿನಕಾಯಿ ಅಂದ್ರ ಕೊಲ್ಲಾಪುರದ ಮಟ ಹೆಸರು. ಹಿಂಗಾಗಿ ಮೆಣಸಿನಕಾಯಿ, ಶೇಂಗಾ ಎರಡೂ ನಮ್ಮ ಮಣ್ಣಿನವ ಅಂತ ತಿಳ್ಕೊಂಡೀವಿ. ಆದ್ರ ಐದುನೂರಾ ಐವತ್ತು ವರ್ಷದ ಹಿಂದ ನಮ್ಮ ಕಡೆ ಯಾರೂ ಇವನ್ನ ಕಣ್ಣಿಲೆ ಕಂಡಿದ್ದಿಲ್ಲ. ಬಟಾಟಿ, ಟಮಾಟಿ, ಗೊಂಜಾಳ, ಪೇರಲ, ಪಪ್ಪಾಯಿ, ಕಾಜು, ತಂಬಾಕ ಇವೆಲ್ಲಾ ಅಮೆರಿಕಾ ಖಂಡದಿಂದ ಸಮುದ್ರ ದಾಟಿ ಬಂದಾವು.

1492ರಾಗ ಕೊಲಂಬಸ್ ಅಮೆರಿಕಾ ಕಂಡುಹಿಡಿದ ಅಂತ ನಾವೆಲ್ಲಾ ಸಾಲ್ಯಾಗ ಬಾಯಿಪಾಠ ಮಾಡೀವಿ. ಪಿಯುಸಿ ಮುಗಿಸೋ ತನಕಾ ನಾನೂ ಅಷ್ಟ ಓದಿದ್ದು. ಅಲ್ರಿ, ಅಲ್ಲಿ ಆಗಲೇ ಕೋಟಿಗಟ್ಟಲೆ ಮಂದಿ ಇದ್ರಲ್ಲ? ಅವರ ಹೊಲಾ, ಅಡಗಿ, ಊರು, ದೇವರು ಎಲ್ಲಾ ಇದ್ದವಲ್ಲ? ಅವರನ್ನ ಯಾರು ಕಂಡುಹಿಡಿಯೂದು?

ಕೊಲಂಬಸ್ ಹೊಂಟಿದ್ದು ನಮ್ಮ ದೇಶದ ಕಡೆ, ಮೆಣಸು ಮಸಾಲಿ ಹುಡುಕ್ಕೋತ. ದಾರಿ ತಪ್ಪಿ ಕೆರಿಬಿಯನ್ ನಡುಗಡ್ಡಿಗೆ ಮುಟ್ಟಿದ, ಅಲ್ಲಿ ಮಂದಿಗೆ ಇಂಡಿಯನ್ನರು ಅಂತ ಹೆಸರಿಟ್ಟ. ಅವರು ತಿನ್ನೋ ಖಾರದ ಕಾಯಿ ನೋಡಿ ಇದ ಇವರ ಮೆಣಸು ಅಂತ ಬರಕೊಂಡ. ಅದಕ್ಕೂ ಇದಕ್ಕೂ ಸಂಬಂಧಾನ ಇಲ್ಲ. ಮೆಣಸು ಬಳ್ಳ್ಯಾಗ ಬಿಡ್ತೈತಿ, ಇದು ಗಿಡದಾಗ. ನಮ್ಮ ಹಿರಿಯಾರೂ ಹಂಗ ಮಾಡ್ಯಾರ ನೋಡ್ರಿ. ಹೊಸಾ ಕಾಯಿ ಬಂದಾಗ ಗೊತ್ತಿದ್ದ ಮೆಣಸಿನ ಹೆಸರ ಕೊಟ್ಟು ಮೆಣಸಿನಕಾಯಿ ಅಂದ್ರು. 1510ರಾಗ ಪೋರ್ತುಗೀಸರು ವಿಜಾಪುರದ ಆದಿಲಶಾಹಿಯವರ ಕಡಿಂದ ಗೋವಾ ಕಸಗೊಂಡ್ರು. ಅವರ ಹಡಗಿನ್ಯಾಗ ಬಂದ ಬೀಜ ಘಟ್ಟ ಹತ್ತಿ ನಮ್ಮ ಹೊಲಕ್ಕ ಬಂತು.

ಕೊಲಂಬಸ್‌ಗೆ ಮೊದಲ ಸಿಕ್ಕ ಆ ನಡುಗಡ್ಡಿ ಮಂದಿಗೆ ಟೈನೋ ಅಂತಾರ. ಹೊಡತ, ದುಡಿತ, ಹಸಿವು, ಮ್ಯಾಲೆ 1518ರ ಕಡೀಗೆ ಬಂದ ಸಿಡುಬು. ಐವತ್ತು ವರ್ಷದಾಗ ಆ ಜನದಾಗ ಬಹುತೇಕ ಎಲ್ಲಾರೂ ಹೋಗಿಬಿಟ್ರು. ಆದ್ರ ಅವರ ಮಾತು ನಮ್ಮ ಬಾಯಾಗ ಉಳದಾವು. ಬೆಂಗಳೂರ ಕಡೆ ಆಲೂಗಡ್ಡೆ ಅಂತಾರ, ನಾವು ಬಟಾಟಿ ಅಂತೀವಿ. ಅದು ಪೋರ್ತುಗೀಸರ ಬಟಾಟಾ, ಅವರಿಗೆ ಸಿಕ್ಕಿದ್ದು ಟೈನೋ ಮಂದಿ ಮಾತಿನಿಂದ. ಅವರು ಗೆಣಸಿಗೆ ಹಂಗ ಅಂತಿದ್ರು, ಮುಂದ ಆ ಹೆಸರು ಇದಕ್ಕ ಬಂತು. ಕಾಜು ಅನ್ನೋದು ಬ್ರೆಜಿಲ್‌ನ ತುಪಿ ಮಂದಿ ಮಾತು. ಟಮಾಟಿ ಮೆಕ್ಸಿಕೋದ ನಾವಾಟ್ಲ್ ಭಾಷಾದ್ದು. ಸಂತ್ಯಾಗ ಬಟಾಟಿ ಹೆಂಗ ಕಿಲೋ ಅಂತ ಕೇಳಿದಾಗ ನಾವು ಆ ಹೋದ ಮಂದಿ ಮಾತು ಆಡಿದಂಗ.

ನನಗ ಭಾಳ ಮನಸಿಗೆ ಹತ್ತಿದ್ದು ಗೊಂಜಾಳದ ಕಥಿ. ಮೆಕ್ಸಿಕೋದ ಕಡೆ ಒಂದು ಕಾಡ ಹುಲ್ಲು, ಅದಕ್ಕ ಇರೋದು ಕೆಲವ ಗಟ್ಟಿ ಕಾಳು. ಸುಮಾರು 9,000 ವರ್ಷದ ಹಿಂದಿನಿಂದ ಅಲ್ಲಿಯವರು ಚೊಲೋ ಕಾಳು ಆರಿಸಿ ಆರಿಸಿ ಬಿತ್ತಿ ಅದನ್ನ ತೆನಿ ಮಾಡಿದ್ರು. ಅದರ ಹಿಟ್ಟು ಮಾಡೋ ರೀತಿನೂ ಅವರದ. ಕಾಳು ಸುಣ್ಣದ ನೀರಾಗ ಕುದಿಸಿ, ರಾತ್ರಿ ಅದರಾಗ ನೆನಿಲಿಕ್ಕೆ ಬಿಟ್ಟು, ಮುಂಜಾನಿ ತೊಳದು, ಕಲ್ಲಿನ ಮ್ಯಾಲ ಅರದು ರೊಟ್ಟಿ ಬೇಯಿಸ್ತಿದ್ರು. ಇದು ಹೆಣ್ಣಮಕ್ಕಳ ಕೆಲಸ.

ಯುರೋಪಿನವರು ಕಾಳು ಒಯ್ದ್ರು, ಸುಣ್ಣದ ಮಾತು ಒಯ್ಯಲಿಲ್ಲ. ಹಿಂಗಾಗಿ ಸ್ಪೇನ್, ಇಟಲಿಯ ಬಡವರು ಮೂರೂ ಹೊತ್ತು ಬರೇ ಗೊಂಜಾಳ ತಿಂದು ರೋಗಕ್ಕ ಬಿದ್ರು. ಚರ್ಮ ಒಡಿತಿತ್ತು, ಭೇದಿ ಹತ್ತತಿತ್ತು, ಬುದ್ಧಿ ಕೆಡತಿತ್ತು, ಕಡೀಕ ಸಾವು. 1735ರಾಗ ಸ್ಪೇನಿನ ಡಾಕ್ಟರ್ ಗಾಸ್ಪರ್ ಕಸಾಲ್ ಇದನ್ನ ಗುರುತಿಸಿದ. ಇಟಲಿಯವರು ಪೆಲ್ಲಾಗ್ರಾ ಅಂದ್ರು, ಅಂದ್ರ ಒರಟ ಚರ್ಮ. ಕಾಳಿನ್ಯಾಗ ನಯಾಸಿನ್ ಅನ್ನೋ ಜೀವಸತ್ವ ಇರತೈತಿ, ಆದ್ರ ಸುಣ್ಣಾ ಹಾಕದ ಅದು ಮೈಗೆ ಹತ್ತೂದಿಲ್ಲ. ನಯಾಸಿನ್ ಕೊಟ್ರ ಈ ರೋಗ ಹೋಗ್ತೈತಿ ಅನ್ನೋದು ತಿಳಿದಿದ್ದು 1937ರಾಗ. ಅಷ್ಟೊತ್ತಿಗೆ ಅಮೆರಿಕಾದ ದಕ್ಷಿಣದ ರಾಜ್ಯದಾಗೂ ಸಾವಿರಾರು ಬಡವರು ಸತ್ತಿದ್ರು. ಓದು ಬರಹ ಇಲ್ಲದ ಹೆಣ್ಣಮಕ್ಕಳ ಒಂದು ಹಿಡಿ ಸುಣ್ಣ ಅಷ್ಟ ಜೀವಾ ಉಳಸತಿತ್ತು. ಕೇಳಾವರಿದ್ದಿಲ್ಲ.

ಕೇಳಿ ಬದುಕಿದವರೂ ಅದಾರ. 1620ರಾಗ ಮೇಫ್ಲವರ್ ಹಡಗಿನ್ಯಾಗ 102 ಮಂದಿ ಇಂಗ್ಲೆಂಡಿನಿಂದ ಹೋಗಿ ಪ್ಲಿಮತ್ ಅನ್ನೋ ಕಡೆ ಇಳದ್ರು. ಮೊದಲನೇ ಚಳಿಗಾಲಕ್ಕ ಅರ್ಧಾ ಮಂದಿ ಸತ್ರು. ಉಳಿದವರಿಗೆ ಗೊಂಜಾಳ ಬಿತ್ತೋದು ಕಲಿಸಿದವ ಟಿಸ್ಕ್ವಾಂಟಮ್. ಬೀಜದ ಸಂಗಾಟ ಮೀನ ಹುಗದು ಗೊಬ್ಬರ ಮಾಡ್ರಿ ಅಂದ. ಇವನ ಕಥಿ ಕೇಳ್ರಿ. 1614ರಾಗ ಒಬ್ಬ ಇಂಗ್ಲಿಷ್ ಹಡಗಿನವ ಇವನ್ನ ಮೋಸದಿಂದ ಹಿಡದು ಸ್ಪೇನಿಗೆ ಒಯ್ದು ಮಾರಲಿಕ್ಕೆ ಹೋಗಿದ್ದ. ಹೆಂಗೋ ತಪ್ಪಿಸ್ಕೊಂಡು, ಇಂಗ್ಲೆಂಡ ಮುಟ್ಟಿ, 1619ರಾಗ ತನ್ನೂರಿಗೆ ಬಂದು ನೋಡ್ತಾನ, ಊರಾಗ ಒಂದು ನರಪಿಳ್ಳಿನೂ ಇಲ್ಲ. ಬ್ಯಾನಿ ಬಂದು ಎಲ್ಲಾರೂ ಸತ್ತಿದ್ರು. ಆ ಹಾಳ ಬಿದ್ದ ಊರಿನ ಮ್ಯಾಲ ಪ್ಲಿಮತ್ ಕಟ್ಟಿದ್ದು. ತನ್ನವರ ಹೊಲದಾಗ ನಿಂತು ಪರದೇಶದವರಿಗೆ ಬಿತ್ತಗಿ ಕಲಿಸಿದ, 1622ರಾಗ ತಾನೂ ಸತ್ತ. ಈಗ ಅಮೆರಿಕಾದಾಗಿರೋ ನಮ್ಮ ಮಂದಿ ಮಕ್ಕಳು ನವೆಂಬರ್‌ದಾಗ ಥ್ಯಾಂಕ್ಸ್‌ಗಿವಿಂಗ್ ಸೂಟಿಗೆ ಫೋನ ಮಾಡ್ತಾರ. ಆ ಹಬ್ಬದ ಕಥಿ ಇವನು ಕಲಿಸಿದ ಬೆಳಿಯಿಂದ ಸುರು.

ತಂಬಾಕಿನ ದಾರಿ ಬ್ಯಾರೆ. 1607ರಾಗ ಇಂಗ್ಲಿಷರು ಕಟ್ಟಿದ ಜೇಮ್ಸ್‌ಟೌನ್ ಮೊದಲಿಗೆ ಉಪವಾಸ ಬಿದ್ದಿತ್ತು. 1612ರ ಸುಮಾರಿಗೆ ಜಾನ್ ರಾಲ್ಫ್ ತಂಬಾಕ ಬೆಳದ ಮ್ಯಾಲ ರೊಕ್ಕಾ ಕಂಡ್ರು. 1619ರಾಗ ಆಫ್ರಿಕಾದಿಂದ ಹಿಡಕೊಂಡ ಬಂದ ಇಪ್ಪತ್ತರಷ್ಟು ಮಂದಿ ಆ ಕಡೆ ಇಳದ್ರು. ಮುಂದ ಗುಲಾಮರ ಬೆವರಿನ ಮ್ಯಾಲ ಆ ತಂಬಾಕ ನಡೀತು. ನಮ್ಮಲ್ಲಿ ಅದು ಅದಕ್ಕೂ ಮೊದಲ ಬಂದಿತ್ತು. ಅಕ್ಬರನ ಕಡಿಯಿಂದ ವಿಜಾಪುರಕ್ಕ ಬಂದ ಅಸದ್ ಬೇಗ್ 1604ರ ಸುಮಾರಿಗೆ ಇಲ್ಲಿ ತಂಬಾಕ ಕಂಡು ಬೆರಗಾಗಿ ಬಾದಶಹಾಗೆ ಒಯ್ದು ಕೊಟ್ಟ. ಈಗ ನಮ್ಮ ಮಗ್ಗಲದ ನಿಪ್ಪಾಣಿ ಅಂದ್ರ ತಂಬಾಕ. 1981ರಾಗ ಅಲ್ಲಿ ರೈತರು ರೇಟ್ ಸಲುವಾಗಿ ಪುಣೆ-ಬೆಂಗಳೂರು ಹೆದ್ದಾರಿ ಮ್ಯಾಲ ಕುಂತ್ರು, ಏಪ್ರಿಲ್ 6ಕ್ಕ ಗೋಲಿಬಾರ ಆಗಿ ರೈತರು ಸತ್ರು. ಮಣಕಾಲ ಮ್ಯಾಲ ಮರ ಇಟ್ಕೊಂಡು ಬೀಡಿ ಕಟ್ಟೋ ಹೆಣ್ಣಮಕ್ಕಳ ಬೆರಳು ಇವತ್ತಿಗೂ ಹಳದಿ. ಅಲ್ಲೂ ಇಲ್ಲೂ ತಂಬಾಕ ದುಡದವರಿಗೆ ಕೊಟ್ಟಿದ್ದು ಕಡಿಮಿ, ಕಸಗೊಂಡಿದ್ದ ಹೆಚ್ಚು.

ಕಂಡುಹಿಡಿದವರು ಅನ್ನೋ ಮಾತು ಹಡಗಿನ್ಯಾಗ ಬಂದವರಿಗೆ ಅಲ್ಲ, ಹುಲ್ಲಿನ್ಯಾಗ ತೆನಿ ಕಂಡವರಿಗೆ, ಸುಣ್ಣದ ಗುಣಾ ಕಂಡವರಿಗೆ ಸಲ್ಲಬೇಕು ಅಂತ ನನಗ ಅನಸ್ತೈತಿ. ಅವರ ಹೆಸರು ಯಾರೂ ಬರದಿಡಲಿಲ್ಲ. ನಮ್ಮ ಕಡೆನೂ ಬೀಜಕ್ಕ ಯಾವ ಮೆಣಸಿನಕಾಯಿ ತಗದಿಡಬೇಕು, ಯಾವ ಕಾಳಿಗೆ ಬೂದಿ ಹಚ್ಚಬೇಕು ಅನ್ನೋದು ಅತ್ತಿಯಿಂದ ಸೊಸಿಗೆ ಬಾಯಿ ಮಾತಿನ್ಯಾಗ ಬಂದೈತಿ, ಪುಸ್ತಕದಾಗ ಇಲ್ಲ. ನಿಮ್ಮ ಮನ್ಯಾಗ ಇನ್ನೂ ವಯಸ್ಸಾದವರು ಇದ್ರ ಕೇಳಿ ಬರದಿಡ್ರಿ, ಅವರ ಹೆಸರೂ ಸೇರಿಸಿ. ಕಾಳು ಅಂಗಡ್ಯಾಗ ಸಿಗ್ತಾವ, ಅವರ ತಿಳುವಳಿಕಿ ಸಿಗೂದಿಲ್ಲ.