ಅರಿಸಿನದ ಚರಿತ್ರೆ: ಗರಡಿಯ ಮಣ್ಣಿನಿಂದ ಮಾತ್ರೆಯ ಡಬ್ಬಿಗೆ

ಪೊಲೀಸು, ಸೈನ್ಯ ಸೇರಬೇಕೆಂದು ಹೊತ್ತು ಮೂಡುವ ಮುನ್ನವೇ ರಸ್ತೆಯಲ್ಲಿ ಓಡುವ ಹುಡುಗರು ಈಗ ಊರೂರಲ್ಲೂ ಇದ್ದಾರೆ. ಓಡಿ ಓಡಿ ನೆಗಡಿ, ಕೆಮ್ಮು ಹತ್ತದಿರಲಿ, ಮೈಕೈ ನೋವು ತಗ್ಗಲಿ ಅಂತ ಅರಿಸಿನದ ಸತ್ತ್ವದ ಮಾತ್ರೆ ತರಿಸುವವರೂ ಉಂಟು. ಅರಿಸಿನ ನಾವೇ ಬೆಳೆಯುವ ಬೆಳೆ. ಅದನ್ನೇ ಡಬ್ಬಿಗೆ ತುಂಬಿ ನಮಗೇ ಮಾರುವಾಗ, ಅದರ ಹಿಂದಿನ ಚರಿತ್ರೆಯನ್ನು ತಿಳಿದೇ ದುಡ್ಡು ಬಿಚ್ಚಬೇಕು, ಅಲ್ಲವೆ?

ಕಸರತ್ತಿಗೂ ಅರಿಸಿನಕ್ಕೂ ನಂಟು ಹಳೆಯದು. ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಕೆಮ್ಮಣ್ಣಿಗೆ ಅರಿಸಿನ, ಎಣ್ಣೆ ಬೆರೆಸಿ ಹದ ಮಾಡುವರು. ಪೈಲ್ವಾನರ ತರಚು ಗಾಯ ಕೀವಾಗದಿರಲಿ ಎಂಬುದು ಹಿರಿಯರ ಎಣಿಕೆ.

1815ರಲ್ಲಿ ಯುರೋಪಿನ ವೋಗೆಲ್ ಮತ್ತು ಪೆಲ್ಟಿಯೆ ಎಂಬ ಇಬ್ಬರು ಅರಿಸಿನದ ಹಳದಿ ವಸ್ತುವನ್ನು ಬೇರ್ಪಡಿಸಿದರು. ಅದೇ ಕರ್ಕ್ಯುಮಿನ್. ಅದು ಕೆಲವು ರೋಗಾಣುಗಳನ್ನು ತಡೆಯುವುದೆಂದು 1949ರಲ್ಲಿ ವರದಿಯಾಯಿತು. ಬಾವು ಇಳಿಸುವ ಗುಣವನ್ನು ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯ ಶ್ರೀಮಲ್ ಮತ್ತು ಧವನ್ 1973ರಲ್ಲಿ ಪ್ರಕಟಿಸಿದರು. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಸಿನ ಹಚ್ಚುವುದಕ್ಕೇ ಪೇಟೆಂಟು ಕೊಟ್ಟುಬಿಟ್ಟರು! ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ಈ ಗೆಲುವು ಹೆಮ್ಮೆಯದೇ. ಆದರೆ ಆ ತಿಳಿವಳಿಕೆ ಹೊಸದಲ್ಲ ಎಂದಷ್ಟೇ ಅಲ್ಲಿ ತೀರ್ಮಾನವಾದದ್ದು. ಮಾತ್ರೆ ನುಂಗಿದರೆ ರೋಗ ಬಾರದು ಎಂದು ಯಾರೂ ತೀರ್ಪು ಕೊಡಲಿಲ್ಲ.

ಇನ್ನು ಓಟದ ಮಾತು. ಅತಿಯಾಗಿ ಓಡಿದರೆ ರೋಗ ತಡೆಯುವ ಶಕ್ತಿ ಕುಗ್ಗುವುದೆ? ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1987ರಲ್ಲಿ ನಡೆದ ಮ್ಯಾರಥಾನ್ ಓಟದವರನ್ನು ನೀಮನ್ ಎಂಬ ತಜ್ಞರು ವಿಚಾರಿಸಿದರು. ಓಟದ ನಂತರದ ವಾರದಲ್ಲಿ, ಓಡಿದವರಲ್ಲಿ ನೂರಕ್ಕೆ 12.9 ಮಂದಿ ನೆಗಡಿ-ಜ್ವರದಂಥ ಕಾಯಿಲೆ ಬಂತೆಂದರು. ತಯಾರಾಗಿಯೂ ಅಂದು ಓಡದವರಲ್ಲಿ ಹಾಗೆ ಹೇಳಿದವರು 2.2 ಮಂದಿ. ಭಾರೀ ಶ್ರಮದ ಬಳಿಕ ಕೆಲವು ಗಂಟೆ ಕಾಲ ರಕ್ತದಲ್ಲಿ ಬಿಳಿ ಕಣಗಳ ಒಂದು ಬಗೆ ಕಡಿಮೆಯಾಗುವುದನ್ನೂ ಕಂಡು, ಮೈಯ ಕಾವಲೇ ಬಿದ್ದುಹೋಯಿತೆಂದು ಬಹುಕಾಲ ನಂಬಿದ್ದರು.

2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಬ್ಬರು ತಜ್ಞರು ಇದನ್ನು ಪ್ರಶ್ನಿಸಿದರು. ಸುಗ್ಗಿಯ ಕಾಲದಲ್ಲಿ ಹಗಲು ಹೊತ್ತು ಊರೊಳಗೆ ಬಂದು ನೋಡಿ, ಮನೆಗಳಲ್ಲಿ ಜನವೇ ಇರುವುದಿಲ್ಲ. ಊರು ಬಿಟ್ಟು ಹೋದರೇನು? ಇಲ್ಲ, ಹೊಲದಲ್ಲಿದ್ದಾರೆ. ಆ ಕಣಗಳೂ ಹಾಗೆಯೇ, ರಕ್ತ ಬಿಟ್ಟು ಶ್ವಾಸಕೋಶ, ಕರುಳು ಮುಂತಾದ ಕಡೆ ಕಾವಲಿಗೆ ಹೋಗಿರುತ್ತವೆ ಎಂಬುದು ಅವರ ವಿವರಣೆ. ಕಾಯಿಲೆಗೆ ಜನಸಂದಣಿ, ಪ್ರಯಾಣ, ನಿದ್ದೆಗೇಡು, ಚಿಂತೆ ಇವೂ ಕಾರಣವಾಗಬಹುದು.

ಹಾಗಾದರೆ ಮಾತ್ರೆ ಏನು ಮಾಡೀತು? ಕರ್ಕ್ಯುಮಿನ್ ಬರಿದೇ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಇದನ್ನು ತೋರಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಕಾಳಿನ ಸತ್ತ್ವ 20 ಮಿಲಿಗ್ರಾಂ ಕೊಟ್ಟಾಗ, ಮೈಗೆ ಸೇರುವ ಪ್ರಮಾಣ ಶೇಕಡಾ 2000ರಷ್ಟು ಏರಿತೆಂದು ವರದಿ ಮಾಡಿದರು. ಅಂದಿನಿಂದ ಡಬ್ಬಿಗಳಲ್ಲಿ ಇವೆರಡೂ ಜೋಡಿಯಾದವು. ಅರಿಸಿನದಲ್ಲಿ ಕರ್ಕ್ಯುಮಿನ್ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ಪಾಲು. 2 ಗ್ರಾಂ ಬೇಕಾದರೆ 40 ಗ್ರಾಂಗೂ ಮೀರಿ ಪುಡಿ ತಿನ್ನಬೇಕು. ಸಾರಿಗೆ ಹಾಕುವ ಚಿಟಿಕೆಗೂ ಮಾತ್ರೆಗೂ ಇರುವ ಅಂತರ ಇಲ್ಲೇ ತಿಳಿಯುತ್ತದೆ.

ಕಸರತ್ತು ಮಾಡುವವರಿಗೆ ಕರ್ಕ್ಯುಮಿನ್ ಕೊಟ್ಟು ನಡೆಸಿದ ಕೆಲವು ಸಣ್ಣ ಪರೀಕ್ಷೆಗಳಲ್ಲಿ ಸ್ನಾಯು ನೋವು ತುಸು ತಗ್ಗಿದ್ದುಂಟು. ಆದರೆ ಓಟಗಾರರಿಗೆ ಕಾಯಿಲೆಯೇ ಬಾರದಂತೆ ಅದು ಕಾಯುವುದೆಂದು ಗಟ್ಟಿಯಾಗಿ ಸಿದ್ಧವಾಗಿಲ್ಲ. ಇನ್ನೊಂದು ಎಚ್ಚರಿಕೆ ಕೇಳಿ. 2019ರಲ್ಲಿ ಇಟಲಿ ದೇಶದಲ್ಲಿ ಇಂಥ ಮಾತ್ರೆ ತಿಂದ ಕೆಲವರಿಗೆ ಪಿತ್ತಜನಕಾಂಗದ ಬಾವು ಕಾಣಿಸಿಕೊಂಡು, ಅಲ್ಲಿನ ಸರ್ಕಾರ ಜನರನ್ನು ಎಚ್ಚರಿಸಿತು. ಮೆಣಸಿನ ಸತ್ತ್ವವು ಬೇರೆ ಕೆಲವು ಔಷಧಿಗಳೂ ರಕ್ತದಲ್ಲಿ ಹೆಚ್ಚುವಂತೆ ಮಾಡಬಲ್ಲದು. ಕಾಮಾಲೆ ಬಂದವರು, ರಕ್ತ ತೆಳುವಾಗಿಸುವ ಔಷಧಿ ನುಂಗುವವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು.

ಆದ್ದರಿಂದ, ತಾಯಂದಿರೇ, ಸಾರಿನ ಅರಿಸಿನ, ಮೆಣಸು ಹಾಗೆಯೇ ಇರಲಿ, ಅದರಲ್ಲಿ ಭಯವಿಲ್ಲ. ಡಬ್ಬಿಗೆ ಸುರಿಯುವ ಹಣವನ್ನು ಓಡುವ ಹುಡುಗರ ಕಾಳು, ಹಾಲು, ಮೊಟ್ಟೆ, ಸೊಪ್ಪಿಗೆ ಹಾಕಿ. ಹುಡುಗರೇ, ಓಟವನ್ನು ಒಮ್ಮೆಗೇ ಏರಿಸದೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ರಾತ್ರಿ ಏಳೆಂಟು ಗಂಟೆ ನಿದ್ದೆ ಮಾಡಿ. ಜ್ವರವಿದ್ದ ದಿನ ಕಷಾಯ ಕುಡಿದು ಓಡುವುದು ಬೇಡ, ಮಲಗಿ ಸುಧಾರಿಸಿಕೊಳ್ಳಿ. ಎದೆ ನೋವು, ಉಬ್ಬಸ, ಬಿಡದ ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೌಕರಿಯ ಓಟ ಇನ್ನೊಮ್ಮೆ ಬಂದೀತು, ಕೆಟ್ಟ ಮೈ ಸುಲಭಕ್ಕೆ ತಿರುಗದು.